ನೌಕರಿ ಬಿಟ್ಟವನ ಮೇಲೆ ನಿರ್ಬಂಧ



ಕೆಲವು ದಿನಗಳ ಹಿಂದೆ ನನ್ನ ಬಾಲ್ಯಸ್ನೇಹಿತರೊಬ್ಬರ ಮಗಳು ನಮ್ಮ ಮನೆಗೆ ಬಂದಿದ್ದಳು. ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಆರು ವರ್ಷ ದುಡಿದವಳು. ಈಗ ಇನ್ನೊಂದು ಸಂಸ್ಥೆಯವರು ಹೆಚ್ಚಿನ ಸಂಬಳಕ್ಕೆ ಕರೆದಿದ್ದಾರೆ. ಅವರು ಕಳುಹಿಸಿದ ನೇಮಕದ ಪತ್ರ ಹದಿನಾಲ್ಕು ಪುಟದ್ದು. ಅದರ ಹನ್ನೊಂದನೆಯ ಪುಟದಲ್ಲಿ ಒಂದು ಷರತ್ತಿನ ಕೆಳಗೆ ಆಕೆ ಪೆನ್ಸಿಲಿನಿಂದ ಗೆರೆಯೆಳೆದುಕೊಂಡು ಬಂದಿದ್ದಳು. ಯಾವ ಕಾರಣದಿಂದಲೇ ಆಗಲಿ ಕೆಲಸ ಬಿಟ್ಟ ದಿನದಿಂದ ಹನ್ನೆರಡು ತಿಂಗಳ ಕಾಲ, ಇದೇ ಬಗೆಯ ವ್ಯವಹಾರ ನಡೆಸುವ ಬೇರೆ ಯಾವ ಸಂಸ್ಥೆಯಲ್ಲಿಯೂ ನೌಕರಿ ಹಿಡಿಯಕೂಡದು, ಸ್ವಂತವಾಗಿಯೂ ಅಂಥ ವ್ಯವಹಾರ ಆರಂಭಿಸಕೂಡದು ಎಂಬುದು ಅದರ ತಾತ್ಪರ್ಯ.

"ಇದಕ್ಕೆ ರುಜು ಹಾಕಬಹುದೆ, ಮಾಮ?" ಎಂದು ಕೇಳಿದಳು. ನಾನು ಒಂದು ಕಾಲದಲ್ಲಿ ಕರಿಯ ಕೋಟು ತೊಟ್ಟವನೆಂಬುದಷ್ಟೇ ಈ ಪ್ರಶ್ನೆ ನನ್ನ ಬಳಿಗೆ ಬರಲು ಕಾರಣ. ಆಕೆಗೆ ಆ ಸಂಜೆ ಕೊಟ್ಟ ಉತ್ತರ ನನಗೇ ಪೂರ್ತಿ ತೃಪ್ತಿಕರವಾಗಿರಲಿಲ್ಲ. ಈ ಹೊತ್ತು ಅದನ್ನೇ ತಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಯಜಮಾನನ ಪಕ್ಷವನ್ನು ಕೇಳೋಣ, ಅದು ನ್ಯಾಯ. ಒಬ್ಬಾತ ಹೋಟೆಲಿಟ್ಟಿದ್ದಾನೆ ಎನ್ನಿ. ಊರಿನಿಂದ ಹುಡುಗನೊಬ್ಬನನ್ನು ಕರೆತಂದು, ಊಟ ವಸತಿ ಕೊಟ್ಟು, ಹಿಟ್ಟಿನ ಹದ, ಪುಡಿಯ ಅಳತೆ, ಗಿರಾಕಿಗಳ ರುಚಿ ಎಲ್ಲವನ್ನೂ ಐದಾರು ವರ್ಷದಲ್ಲಿ ಕಲಿಸುತ್ತಾನೆ. ಕಲಿತ ಹುಡುಗ ಒಂದು ದಿನ ಸೌಟು ಕೆಳಗಿಟ್ಟು, ಎದುರು ಸಾಲಿನ ಹೋಟೆಲಿನಲ್ಲಿ ಇನ್ನೂರು ರೂಪಾಯಿ ಹೆಚ್ಚಿಗೆ ಸಿಕ್ಕುವುದೆಂದು ಹೊರಟುಹೋಗುತ್ತಾನೆ. ಕಲಿಸಿದವನಿಗೆ ಹೊಟ್ಟೆ ಉರಿಯದೆ? ಹೀಗೆ ಹೋಗುವವರನ್ನು ತಡೆಯುವ ಉಪಾಯವಿಲ್ಲದಿದ್ದರೆ ಯಾರೂ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಹೊಸ ಶೋಧನೆಗಾಗಿ ಹಣ ಸುರಿಯುವುದಿಲ್ಲ. ಗುಟ್ಟುಗಳನ್ನೆಲ್ಲ ಮನೆಯವರೊಳಗೇ ಇಟ್ಟುಕೊಳ್ಳುತ್ತಾರೆ. ನಿರ್ಬಂಧದ ಪರವಾಗಿ ಹೇಳುವ ವಾದದ ಸಾರ ಇಷ್ಟು. ನಮ್ಮ ದೇಶದಲ್ಲಿ ಎಷ್ಟೋ ಔಷಧಗಳೂ ಕೈಕಸಬುಗಳೂ ಹೀಗೆ ಮನೆತನದೊಳಗೆ ಮುಚ್ಚಿಟ್ಟು ನಶಿಸಿದುವೆಂಬುದನ್ನು ನೆನೆದರೆ ಈ ವಾದವನ್ನು ಸುಮ್ಮನೆ ನಕ್ಕು ತಳ್ಳಿಹಾಕುವಂತಿಲ್ಲ.

ಈ ವ್ಯಾಜ್ಯ ಹೊಸದಲ್ಲ. ಇಂಗ್ಲೆಂಡಿನಲ್ಲಿ 1414ರಲ್ಲಿಯೇ ಇದು ನ್ಯಾಯಸ್ಥಾನ ಮುಟ್ಟಿತ್ತು. ಜಾನ್ ಡೈಯರ್ ಎಂಬ ಬಣ್ಣಗಾರ, ಅರ್ಧ ವರ್ಷ ಕಾಲ ಆ ಊರಿನಲ್ಲಿ ಬಣ್ಣ ಹಾಕುವ ಕಸಬು ನಡೆಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದ. ಆ ಮುಚ್ಚಳಿಕೆಯ ಆಧಾರದ ಮೇಲೆ ಆತನ ಮೇಲೆ ದಾವೆ ಹೂಡಿದಾಗ, ನ್ಯಾಯಾಧೀಶ ಹಲ್ ಎಂಬಾತ ಕೋಪಗೊಂಡು, ದೇವರ ಮೇಲೆ ಆಣೆಯಿಟ್ಟು, ಈ ಫಿರ್ಯಾದಿ ಇಲ್ಲಿ ಎದುರಿಗಿದ್ದಿದ್ದರೆ ದೊರೆಗೆ ದಂಡ ಕೊಡುವ ತನಕ ಸೆರೆಮನೆಯಲ್ಲಿ ಕೂರಿಸುತ್ತಿದ್ದೆನೆಂದು ಗುಡುಗಿದನಂತೆ. ನ್ಯಾಯಪೀಠದಿಂದ ಇಂಥ ಮಾತು ಬರುವುದು ಅಪರೂಪ. ಮುಂದೆ ವ್ಯಾಪಾರ ಬೆಳೆದ ಹಾಗೆ ಇಂಗ್ಲಿಷ್ ನ್ಯಾಯಾಧೀಶರ ಕೋಪವೂ ಇಳಿಯಿತು. 1711ರಲ್ಲಿ ಲಂಡನ್ನಿನ ರೊಟ್ಟಿ ಸುಡುವವನೊಬ್ಬ ತನ್ನ ಅಂಗಡಿಯನ್ನು ಐದು ವರ್ಷಕ್ಕೆ ಬೇರೊಬ್ಬನಿಗೆ ವಹಿಸಿ, ಅಷ್ಟು ಕಾಲ ಅದೇ ಪೇಟೆಯಲ್ಲಿ ತಾನು ರೊಟ್ಟಿ ಮಾರುವುದಿಲ್ಲವೆಂದು ಒಪ್ಪಿ, ಐವತ್ತು ಪೌಂಡಿನ ಪತ್ರ ಬರೆದುಕೊಟ್ಟ. ಆಮೇಲೆ ಮಾತಿಗೆ ತಪ್ಪಿದ. ಆ ಕರಾರು ನ್ಯಾಯವಾದದ್ದು, ಮಿತವಾದದ್ದು, ಆದ್ದರಿಂದ ಊರ್ಜಿತ ಎಂದು ತೀರ್ಪಾಯಿತು. 1894ರಲ್ಲಿ ಬಂದೂಕು ಫಿರಂಗಿಗಳ ವ್ಯಾಪಾರಿ ನಾರ್ಡನ್‌ಫೆಲ್ಟ್ ಎಂಬಾತನ ಮೊಕದ್ದಮೆಯಲ್ಲಿ ಇಪ್ಪತ್ತೈದು ವರ್ಷದ ನಿರ್ಬಂಧವನ್ನೇ ಪ್ರಭುಗಳ ಸಭೆ ಎತ್ತಿಹಿಡಿಯಿತು. ಆತ ತನ್ನ ವ್ಯವಹಾರವನ್ನು ಎರಡು ಲಕ್ಷ ಎಂಬತ್ತೇಳು ಸಾವಿರದ ಐನೂರು ಪೌಂಡಿಗೆ ಮಾರಿದ್ದವನು. ಆದರೆ 1913ರಲ್ಲಿ, ಮನೆಮನೆಗೆ ತಿರುಗಿ ಬಟ್ಟೆಯ ಗಿರಾಕಿ ಹಿಡಿಯುತ್ತಿದ್ದ ಒಬ್ಬ ನೌಕರನನ್ನು, ಲಂಡನ್ನಿನಿಂದ ಇಪ್ಪತ್ತೈದು ಮೈಲಿಯೊಳಗೆ ಮೂರು ವರ್ಷ ಆ ಕೆಲಸ ಮಾಡಕೂಡದೆಂದು ಕಟ್ಟಿಹಾಕಲು ಹೊರಟಾಗ, ಅದೇ ಸಭೆ ಕೂಡದು ಎಂದಿತು. 1916ರ ಇನ್ನೊಂದು ತೀರ್ಪಿನಲ್ಲಿ, ಭಾರವೆತ್ತುವ ಯಂತ್ರಗಳ ಕಾರ್ಖಾನೆಯ ಎಂಜಿನಿಯರನೊಬ್ಬನ ವಿಷಯವಾಗಿ, ಯಜಮಾನನ ಗುಟ್ಟು ಯಜಮಾನನದು, ಕೆಲಸದಲ್ಲಿ ಪಳಗಿದ ಕೈಚಳಕವೂ ಬುದ್ಧಿಯೂ ಕೆಲಸಗಾರನ ಸ್ವಂತ ಸೊತ್ತು ಎಂಬ ಭೇದವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಈ ಭೇದ ಬಹಳ ಮುಖ್ಯವಾದದ್ದು. ಅಂಗಡಿ ಮಾರುವವನು ತನ್ನ ಅಂಗಡಿಯ ಹೆಸರಿಗೂ ಬೆಲೆ ಪಡೆದಿರುತ್ತಾನೆ. ಹಣ ಎಣಿಸಿಕೊಂಡ ಮರುದಿನವೇ ಎದುರಿಗೆ ಅದೇ ಹೆಸರಿನಲ್ಲಿ ಒಲೆ ಹಚ್ಚಿದರೆ ಅದು ಮಾರಿದ ವಸ್ತುವನ್ನು ಹಿಂದಕ್ಕೆ ಕದ್ದ ಹಾಗೆ. ಆದರೆ ಕೆಲಸದ ಹುಡುಗ ಏನನ್ನು ಮಾರಿದ? ಆತ ಕೊಟ್ಟದ್ದು ದುಡಿಮೆ, ಪಡೆದದ್ದು ಸಂಬಳ. ಆ ಲೆಕ್ಕ ತಿಂಗಳು ತಿಂಗಳೂ ಚುಕ್ತವಾಗಿದೆ. ಅವನ ನಾಳೆಗೆ ಯಾರೂ ಬೆಲೆ ಕೊಟ್ಟಿಲ್ಲ.

ಇನ್ನು ನಮ್ಮ ದೇಶದ ಮಾತು. 1859ರಲ್ಲಿ ಇಲ್ಲಿ ಒಂದು ಶಾಸನ ಹೊರಟಿತು. ಮುಂಗಡ ಪಡೆದ ಕೆಲಸಗಾರನು ಕೆಲಸ ಮಾಡಲು ಒಪ್ಪದೆ ಹೋದರೆ ಆತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದು, ಹಣ ಹಿಂದಿರುಗಿಸೆಂದೋ ಕೆಲಸಕ್ಕೆ ಹೋಗೆಂದೋ ಅಪ್ಪಣೆ ಮಾಡಿಸಬಹುದು, ಅದಕ್ಕೂ ಬಗ್ಗದಿದ್ದರೆ ಸೆರೆಮನೆಗೆ ಕಳುಹಿಸಬಹುದು. ಕೆಲಸ ಬಿಡುವುದೇ ಅಪರಾಧವಾಗಿದ್ದ ಕಾಲ ಅದು. 1925ರಲ್ಲಿ ಅದನ್ನು ರದ್ದು ಮಾಡುವ ಶಾಸನವಾದ ಮೇಲೆಯೂ, ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಅದೇ ಬಗೆಯ ಕಾನೂನು ಇನ್ನೂ ಕೆಲವು ವರ್ಷ ನಿಂತಿತ್ತು. ಹಾಗಿರುವಾಗ, 1872ರಲ್ಲಿ ಬಂದ ಕರಾರು ಶಾಸನದ 27ನೆಯ ವಿಧಿ ಸ್ವಲ್ಪ ಆಶ್ಚರ್ಯಕರವೇ ಸರಿ. ನ್ಯಾಯಸಮ್ಮತವಾದ ಯಾವ ವೃತ್ತಿಯನ್ನಾಗಲಿ ವ್ಯಾಪಾರವನ್ನಾಗಲಿ ಮಾಡದಂತೆ ಒಬ್ಬನನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು ಎಂದು ಅದು ಹೇಳುತ್ತದೆ. ವ್ಯಾಪಾರದ ಹೆಸರನ್ನು ಮಾರಿದವನಿಗೆ ಮಾತ್ರ ಒಂದು ವಿನಾಯಿತಿ. ಇಂಗ್ಲಿಷರು ತಮ್ಮ ದೇಶದಲ್ಲಿ ಇಟ್ಟುಕೊಂಡಿದ್ದ 'ಮಿತವಾಗಿದ್ದರೆ ಆಗಬಹುದು' ಎಂಬ ಸೂತ್ರವನ್ನು ಇಲ್ಲಿ ಸೇರಿಸಲಿಲ್ಲ.

ಎರಡೇ ವರ್ಷಗಳಲ್ಲಿ ಈ ವಿಧಿಗೆ ಪರೀಕ್ಷೆ ಬಂತು. ಕಲ್ಕತ್ತೆಯ ಒಂದು ಬೀದಿಯಲ್ಲಿ ಹಿತ್ತಾಳೆ ಪಾತ್ರೆಗಳ ಇಬ್ಬರು ವ್ಯಾಪಾರಿಗಳು ಸ್ಪರ್ಧೆಯಲ್ಲಿದ್ದರು. ನೀನು ಇಲ್ಲಿ ಅಂಗಡಿ ಮುಚ್ಚಿದರೆ, ನಿನ್ನ ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡ ಒಂಬೈನೂರು ರೂಪಾಯಿಯನ್ನು ನಾನು ಕೊಡುತ್ತೇನೆ ಎಂದು ಒಬ್ಬ ಹೇಳಿದ, ಇನ್ನೊಬ್ಬ ಮುಚ್ಚಿದ, ಹಣ ಮಾತ್ರ ಬರಲಿಲ್ಲ. ಬಡಪಾಯಿ ದಾವೆ ಹೂಡಿದ. ಮುಖ್ಯ ನ್ಯಾಯಾಧೀಶ ಸರ್ ರಿಚರ್ಡ್ ಕೌಚ್ 1874ರಲ್ಲಿ, ನಿರ್ಬಂಧ ಒಂದು ಬೀದಿಗೆ ಸಂಬಂಧಿಸಿದ್ದಾದರೂ ನಿರ್ಬಂಧವೇ, ಕರಾರು ಅಸಿಂಧು, ಹಣವಿಲ್ಲ ಎಂದು ತೀರ್ಮಾನಿಸಿದರು. ಮಾತಿಗೆ ತಪ್ಪಿದವನೇ ಇಲ್ಲಿ ಗೆದ್ದ ಎಂಬುದನ್ನು ನಾನು ಮರೆಮಾಚುವುದಿಲ್ಲ. ಕಾನೂನು ಒಂದು ತತ್ತ್ವವನ್ನು ಕಾಯಲು ಹೊರಟಾಗ ಎಷ್ಟೋ ವೇಳೆ ಯೋಗ್ಯನಲ್ಲದವನಿಗೂ ನೆರಳು ಕೊಡಬೇಕಾಗುತ್ತದೆ.

ಸ್ವಾತಂತ್ರ್ಯಾನಂತರ 1958ರಲ್ಲಿ ಕಾನೂನು ಆಯೋಗದವರು, ಈ ವಿಧಿ ಅತಿ ಬಿಗಿಯಾಯಿತು, ಇಂಗ್ಲಿಷರ ಹಾಗೆ ಮಿತವಾದ ನಿರ್ಬಂಧಗಳಿಗೆ ಅವಕಾಶ ಕೊಡಬೇಕು ಎಂದು ಸಲಹೆ ಮಾಡಿದರು. ಪಾರ್ಲಿಮೆಂಟು ಆ ಸಲಹೆಯನ್ನು ಕೈಗೆತ್ತಿಕೊಳ್ಳಲಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಕಲ್ಯಾಣದ ರೇಯಾನ್ ಕಾರ್ಖಾನೆಯ ಒಬ್ಬ ಪಾಳಿ ಮೇಲ್ವಿಚಾರಕನ ಮೊಕದ್ದಮೆ. ವಿದೇಶದ ಕಂಪೆನಿಗಳಿಂದ ಗುಟ್ಟಾಗಿಡುವ ಮಾತು ಕೊಟ್ಟು ತಂದ ವಿಧಾನವನ್ನು ಆತನಿಗೆ ಕಲಿಸಿದ್ದರು. ಐದು ವರ್ಷದ ಕರಾರು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಆತ ಕೋಟಾದ ಎದುರಾಳಿ ಕಾರ್ಖಾನೆಗೆ ಸೇರಿದ. ಕರಾರಿನ ಅವಧಿ ಮುಗಿಯುವ ತನಕ ಆತ ಅಲ್ಲಿ ಅಂಥ ಕೆಲಸ ಮಾಡಕೂಡದೆಂದು ಕೋರ್ಟು ತಡೆಯಿತು. ಅವಧಿಯೊಳಗಿನ ನಿರ್ಬಂಧವೆಂಬುದನ್ನು ಗಮನಿಸಬೇಕು. ಅವಧಿ ಮುಗಿದ ಮೇಲಿನ ಮಾತು 1980ರಲ್ಲಿ ಬಂತು. ಸರಕುಗಳ ತೂಕವನ್ನೂ ಗುಣವನ್ನೂ ಪರೀಕ್ಷಿಸುವ ಕಂಪೆನಿಯೊಂದು ತನ್ನ ದೆಹಲಿಯ ಶಾಖೆಯ ಅಧಿಕಾರಿಯನ್ನು ತಾನೇ ಕೆಲಸದಿಂದ ತೆಗೆದು, ಆತ ಹೊಟ್ಟೆಪಾಡಿಗೆ ಅದೇ ಕಸಬು ಆರಂಭಿಸಿದಾಗ, ಎರಡು ವರ್ಷ ಮಾಡಕೂಡದೆಂದು ಕೋರ್ಟಿಗೆ ಹೋಯಿತು! ಇಬ್ಬರು ನ್ಯಾಯಮೂರ್ತಿಗಳು, ಷರತ್ತಿನಲ್ಲಿರುವುದು ತಾನಾಗಿ ಬಿಟ್ಟವನ ಮಾತು, ತೆಗೆದುಹಾಕಿಸಿಕೊಂಡವನ ಮಾತಲ್ಲ ಎಂಬ ಸಣ್ಣ ದಾರಿಯಲ್ಲಿ ಹೋಗಿ ಕಂಪೆನಿಯನ್ನು ಸೋಲಿಸಿದರು. ಮೂರನೆಯವರಾದ ನ್ಯಾಯಮೂರ್ತಿ ಎ. ಪಿ. ಸೇನ್ ಮಾತ್ರ ದೊಡ್ಡ ಬಾಗಿಲನ್ನೇ ತೆರೆದರು: ಕೆಲಸ ಮುಗಿದ ಮೇಲಿನ ನಿರ್ಬಂಧ 27ನೆಯ ವಿಧಿಯ ಪ್ರಕಾರ ಅಸಿಂಧು. 2006ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನರನ್ನು, ಕರಾರು ಮುಗಿದ ಮೇಲೂ ತನ್ನನ್ನು ಮೊದಲು ಕೇಳಿಯೇ ಬೇರೆಯವರೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂದು ಒಂದು ಕಂಪೆನಿ ಹಿಡಿದಾಗ, ಸುಪ್ರೀಂ ಕೋರ್ಟು ಅದೇ ಕಾರಣಕ್ಕಾಗಿ ಬಿಡಿಸಿತು.

ಇಷ್ಟು ಕೇಳಿದ ಮೇಲೆ, ಹಾಗಾದರೆ ಆ ಹುಡುಗಿಗೆ ಚಿಂತೆಯೇನು ಎಂದು ತಾವು ಕೇಳಬಹುದು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಅಮೆರಿಕದ ಒಂದು ಕಥೆಯನ್ನು ಹೇಳಿಬಿಡಬೇಕು. ಬೆಂಗಳೂರಿನವರಿಗೆ ಅದರಲ್ಲಿ ಸ್ವಾರಸ್ಯವಿದೆ.

ನಮ್ಮ 27ನೆಯ ವಿಧಿಯ ಮೂಲ ಇಂಗ್ಲೆಂಡಿನಲ್ಲಿಲ್ಲ. ಡೇವಿಡ್ ಡಡ್ಲಿ ಫೀಲ್ಡ್ ಎಂಬ ಅಮೆರಿಕದ ನ್ಯಾಯವಾದಿ ನ್ಯೂಯಾರ್ಕಿಗಾಗಿ ಸಿದ್ಧಪಡಿಸಿದ ಕರಡಿನಲ್ಲಿದೆ. ನ್ಯೂಯಾರ್ಕು ಆ ಕರಡನ್ನು ಒಪ್ಪಲಿಲ್ಲ. ಅದನ್ನು ಎತ್ತಿಕೊಂಡದ್ದು ಅದೇ ದೇಶದ ಇನ್ನೊಂದು ಅಂಚಿನಲ್ಲಿರುವ ಕ್ಯಾಲಿಫೋರ್ನಿಯ. ಅದೂ 1872ರಲ್ಲಿಯೇ! ಒಂದೇ ತಾಯಿಯ ಮಕ್ಕಳಾದ ಎರಡು ವಿಧಿಗಳು ಹೀಗೆ ಒಂದೇ ವರ್ಷ ಭೂಗೋಳದ ಎರಡು ಕಡೆ ಹುಟ್ಟಿದುವು. 1957ರಲ್ಲಿ ಕ್ಯಾಲಿಫೋರ್ನಿಯದ ಷಾಕ್ಲಿ ಎಂಬ ವಿಜ್ಞಾನಿಯ ಪ್ರಯೋಗಾಲಯವನ್ನು ಬಿಟ್ಟು ಎಂಟು ಮಂದಿ ತರುಣರು ಹೊರಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಸಂಸ್ಥೆ ಕಟ್ಟಿದರು. ಅದರಿಂದ ಹೊರಟವರು 1968ರಲ್ಲಿ ಇಂಟೆಲ್ ಕಟ್ಟಿದರು. ಸಿಲಿಕಾನ್ ಕಣಿವೆಯೆಂದು ಲೋಕ ಕರೆಯುವ ಸೀಮೆ ಬೆಳೆದದ್ದು, ಯಜಮಾನನನ್ನು ಬಿಟ್ಟುಹೋದವರ ಮೇಲೆ ಯಜಮಾನನ ಕೈ ಹರಿಯದ ನೆಲದಲ್ಲಿ. ನಿರ್ಬಂಧಗಳು ನಡೆಯುತ್ತಿದ್ದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ವಿದ್ಯೆಗೂ ಹಣಕ್ಕೂ ಕೊರತೆಯಿಲ್ಲದಿದ್ದರೂ ಅದು ಹಿಂದೆ ಬಿತ್ತು. ಇದಕ್ಕೆ ಈ ಕಾನೂನೇ ಕಾರಣವೆಂದು 1999ರಲ್ಲಿ ರೊನಾಲ್ಡ್ ಗಿಲ್ಸನ್ ಎಂಬ ಕಾನೂನು ಪಂಡಿತರು ವಾದಿಸಿದರು. ಅದೊಂದೇ ಕಾರಣವೆಂದು ನಾನು ಹೇಳಲಾರೆ. ಊರುಗಳ ಏಳು ಬೀಳುಗಳಿಗೆ ನೂರು ಕಾರಣಗಳಿರುತ್ತವೆ. ಆದರೆ ಕೈ ಕಟ್ಟದಿದ್ದರೆ ಯಾರೂ ಕಲಿಸುವುದಿಲ್ಲ, ಯಾರೂ ಹಣ ಹೂಡುವುದಿಲ್ಲ ಎಂಬ ಪೂರ್ವಪಕ್ಷಕ್ಕೆ ಈ ಒಂದು ದೃಷ್ಟಾಂತ ಸಾಕು.

ಕಟ್ಟಿದರೆ ಏನಾಗುತ್ತದೆಂಬುದಕ್ಕೂ ಅಮೆರಿಕವೇ ಸಾಕ್ಷಿ. ಅಲ್ಲಿ ರೊಟ್ಟಿಯ ನಡುವೆ ಪಲ್ಯ ಮಾಂಸಗಳನ್ನಿಟ್ಟು ಮಾರುವ ಅಂಗಡಿಗಳ ಒಂದು ಕಂಪೆನಿ, ತನ್ನ ದಿನಗೂಲಿಯ ಹುಡುಗರಿಂದ, ಬಿಟ್ಟುಹೋದ ಮೇಲೆ ಎರಡು ವರ್ಷ ತನ್ನ ಅಂಗಡಿಗಳಿಂದ ಮೂರು ಮೈಲಿಯೊಳಗೆ ಅಂಥ ತಿಂಡಿಯ ಅಂಗಡಿಯಲ್ಲಿ ದುಡಿಯುವುದಿಲ್ಲವೆಂದು ಬರೆಸಿಕೊಳ್ಳುತ್ತಿತ್ತು. ಇದು ಬಯಲಾಗಿ ಸರ್ಕಾರಿ ವಕೀಲರು ಕೈಯಿಕ್ಕಿದ ಮೇಲೆ, 2016ರಲ್ಲಿ ಅದನ್ನು ಕೈಬಿಟ್ಟಿತು. ರೊಟ್ಟಿ ಹೆಚ್ಚುವ ಹುಡುಗನಲ್ಲಿ ಯಾವ ಗುಟ್ಟು? ದೇಶದ ಕೆಲಸಗಾರರಲ್ಲಿ ಸುಮಾರು ಐದಕ್ಕೊಬ್ಬರು, ಎಂದರೆ ಮೂರು ಕೋಟಿ ಜನ, ಇಂಥ ಕಟ್ಟಿಗೆ ಒಳಗಾಗಿದ್ದಾರೆಂದು ಅಲ್ಲಿಯ ಕೇಂದ್ರ ವಾಣಿಜ್ಯ ಆಯೋಗ ಅಂದಾಜು ಮಾಡಿ, 2024ರ ಏಪ್ರಿಲಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಿಷೇಧಿಸುವ ನಿಯಮ ಹೊರಡಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಟೆಕ್ಸಾಸಿನ ನ್ಯಾಯಾಲಯ, ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ನಿಯಮವನ್ನು ಹೊಡೆದುಹಾಕಿತು. 2025ರ ಸೆಪ್ಟೆಂಬರಿನಲ್ಲಿ ಆಯೋಗ ತನ್ನ ಅಪೀಲನ್ನೂ ಹಿಂತೆಗೆದುಕೊಂಡಿತು.

ಈಗ ಆ ಹುಡುಗಿಯ ಚಿಂತೆಗೆ ಬರೋಣ. ನಮ್ಮ ದೇಶದಲ್ಲಿ ಇಂಥ ಷರತ್ತು ಅಸಿಂಧು. ಆದರೂ ಅದನ್ನು ಅಚ್ಚುಹಾಕಿಸುವುದಕ್ಕೆ ಅಡ್ಡಿಯಿಲ್ಲ. ಬರೆಸಿಕೊಂಡ ಯಜಮಾನನಿಗೆ ದಂಡವಿಲ್ಲ. ಸೋತರೆ ಅವನಿಗೆ ಹೋಗುವುದು ವಕೀಲರ ಫೀಜು ಮಾತ್ರ. ಗೆಲ್ಲುವ ನೌಕರನಿಗೋ, ಗೆಲ್ಲುವ ಹೊತ್ತಿಗೆ ಆ ಹನ್ನೆರಡು ತಿಂಗಳೂ ಕಳೆದು ಹೋಗಿರುತ್ತವೆ. ಕರೆದಿದ್ದ ಹೊಸ ಯಜಮಾನ ವ್ಯಾಜ್ಯದ ಹೆಸರು ಕೇಳಿಯೇ ಹಿಂದೆ ಸರಿದಿರುತ್ತಾನೆ. ಕೋರ್ಟಿಗೆ ಹೋದವರು ಎಷ್ಟು ಮಂದಿ? ಸಾಲ ಮಾಡಿ ಓದಿದವರು, ಮನೆಯ ಕಂತು ಕಟ್ಟುವವರು, ಷರತ್ತನ್ನು ಓದಿ ಸುಮ್ಮನೆ ಹೆದರುತ್ತಾರೆ. ಹಿಂದಿನ ಕೆಲಸದಿಂದ ಬಿಡುಗಡೆಯ ಪತ್ರ, ಎಲ್ಲರೂ ರಿಲೀವಿಂಗ್ ಲೆಟರ್ ಎನ್ನುವ ಆ ಒಂದು ಹಾಳೆ, ಇಲ್ಲದೆ ಹೊಸ ಕಡೆ ಒಳಗೆ ಬಿಡುವುದಿಲ್ಲ. ಅದನ್ನು ಕೊಡುವ ಕೈಯೇ ಷರತ್ತನ್ನು ಬರೆದ ಕೈ. ಕೆಲವು ಕಡೆ ಪದವಿಯ ಮೂಲ ಪ್ರಮಾಣಪತ್ರಗಳನ್ನೇ ಇಟ್ಟುಕೊಳ್ಳುವ ಕೆಟ್ಟ ಪದ್ಧತಿಯೂ ಇದೆ. 2022ರಲ್ಲಿ ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯ ನೇಮಕದ ಪತ್ರದಲ್ಲಿ, ಬಿಟ್ಟ ಮೇಲೆ ಆರು ತಿಂಗಳು ಇಂಥಿಂಥ ಎದುರಾಳಿ ಕಂಪೆನಿಗಳಲ್ಲಿ ಅದೇ ಗಿರಾಕಿಯ ಕೆಲಸ ಮಾಡಕೂಡದೆಂಬ ಷರತ್ತನ್ನು ಕಂಡು, ನೌಕರರ ಸಂಘವೊಂದು ಕೇಂದ್ರದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. ಅಸಿಂಧುವಾದ ಮಾತಿಗೆ ಇಷ್ಟು ಗದ್ದಲವೇಕೆಂದು ಕಾನೂನು ಬಲ್ಲವರು ಕೇಳಿದರೆ, ಭಯಕ್ಕೆ ಸಿಂಧು ಅಸಿಂಧು ಎಂಬ ಭೇದವಿಲ್ಲ ಎಂಬುದೇ ನನ್ನ ಉತ್ತರ.

ಕ್ಯಾಲಿಫೋರ್ನಿಯದವರು ಇದನ್ನು ಕಂಡುಕೊಂಡರು. 2024ರ ಮೊದಲಿನಿಂದ ಅಲ್ಲಿ ಇಂಥ ಷರತ್ತನ್ನು ಬರೆಯುವುದೇ ಕಾನೂನಿಗೆ ವಿರುದ್ಧ. ಹಿಂದೆ ಬರೆಸಿಕೊಂಡಿದ್ದವರು, ಅದು ಅಸಿಂಧುವೆಂದು ಒಬ್ಬೊಬ್ಬ ನೌಕರನಿಗೂ ತಿಳಿಯಪಡಿಸಬೇಕೆಂದು ಫೆಬ್ರವರಿ 14ರ ಗಡುವು ಕೊಟ್ಟಿದ್ದರು. ಅಕ್ಕನ ಮನೆಯಲ್ಲಿ ಆದ ಈ ತಿದ್ದುಪಡಿ ತಂಗಿಯ ಮನೆಗೂ ಬರಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಲಿಸಿದ ಹೋಟೆಲಿನವನ ಗತಿ? ಅವನ ಗುಟ್ಟು ಗುಟ್ಟಾಗಿಯೇ ಇರಲಿ. ಗಿರಾಕಿಗಳ ಪಟ್ಟಿ, ಪುಡಿಯ ಅಳತೆ ಬರೆದ ಪುಸ್ತಕ ಇವನ್ನು ಕದ್ದೊಯ್ದವನನ್ನು ಹಿಡಿಯಲಿ. ಅದಕ್ಕೆ ಒಂದು ಪ್ರತ್ಯೇಕ ಶಾಸನ ಬೇಕೆಂದು 2024ರಲ್ಲಿ ಕಾನೂನು ಆಯೋಗ ವರದಿ ಮಾಡಿದೆ, ಆಗಲಿ. ಕಲಿಸಿದ ವೆಚ್ಚದ ಮಾತೂ ಬೇರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಮೊಕದ್ದಮೆಯಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟುಹೋಗುವ ಅಧಿಕಾರಿ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದರೂ ಸುಪ್ರೀಂ ಕೋರ್ಟು ಊರ್ಜಿತಪಡಿಸಿತು. ಹಣ ಕೊಟ್ಟವನು ಎಲ್ಲಿ ಬೇಕಾದರೂ ದುಡಿಯಬಹುದಾದ್ದರಿಂದ ಇದು ವೃತ್ತಿಯ ನಿರ್ಬಂಧವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಇದನ್ನು ಕಂಡು, ಎರಡು ವಾರ ಪಾಠ ಹೇಳಿ ಐದು ಲಕ್ಷದ ಪತ್ರ ಬರೆಸಿಕೊಳ್ಳುವ ಸಣ್ಣ ಸಂಸ್ಥೆಗಳಿಗೆ ಧೈರ್ಯ ಬರಬಾರದು. ಬ್ಯಾಂಕಿನ ಅಧಿಕಾರಿಯ ಸಂಬಳಕ್ಕೆ ಎರಡು ಲಕ್ಷ ಒಂದು ಮಾತು. ತಿಂಗಳಿಗೆ ಇಪ್ಪತ್ತು ಸಾವಿರ ಪಡೆಯುವವನಿಗೆ ಅದೇ ಮೊತ್ತ ಬೇಡಿ.

ಇಷ್ಟಾದರೂ, ಇಂಥವನು ಎದುರಾಳಿಯ ಬಳಿ ಹೋದರೆ ನನ್ನ ವ್ಯಾಪಾರವೇ ಮುಳುಗುತ್ತದೆ ಎನ್ನುವ ಯಜಮಾನನಿದ್ದರೆ, ಆತ ಜರ್ಮನಿಯ ಕಡೆ ನೋಡಲಿ. ಅಲ್ಲಿ ನೌಕರನನ್ನು ಎರಡು ವರ್ಷದ ತನಕ ತಡೆಯಬಹುದು. ಆದರೆ ತಡೆದಷ್ಟು ಕಾಲವೂ ಕಡೆಯ ಸಂಬಳದ ಅರ್ಧಕ್ಕೆ ಕಡಿಮೆಯಾಗದಂತೆ ಕೊಡುತ್ತಲೇ ಇರಬೇಕು. ಈ ಏರ್ಪಾಟಿನಲ್ಲಿ ಒಂದು ಚಮತ್ಕಾರವಿದೆ. ಪುಕ್ಕಟೆಯಾಗಿ ಸಿಕ್ಕುವಾಗ ಎಲ್ಲ ಗುಮಾಸ್ತರ ಪತ್ರದಲ್ಲಿಯೂ ತೂರಿಸಿದ ಷರತ್ತು, ಬೆಲೆ ಕೊಡಬೇಕೆಂದಾಗ ಎಷ್ಟು ಪತ್ರಗಳಲ್ಲಿ ಉಳಿದೀತು? ಇಂಥ ವಿನಾಯಿತಿಯೊಂದನ್ನು ನಮ್ಮ ವಿಧಿಗೆ ಸೇರಿಸುವುದಕ್ಕೆ, ಅದೂ ದೊಡ್ಡ ಸಂಬಳದ ಕೆಲವೇ ಅಧಿಕಾರಿಗಳ ಮಟ್ಟಿಗೆ, ನನ್ನ ಆಕ್ಷೇಪಣೆಯಿಲ್ಲ. ಉಳಿದವರ ವಿಷಯದಲ್ಲಿ 1872ರ ಮಾತೇ ಇರಲಿ.

ಆ ಹುಡುಗಿಗೆ ನಾನು, ಷರತ್ತನ್ನು ಹೊಡೆದುಹಾಕುವಂತೆ ಕೇಳಿ ಒಂದು ಕಾಗದ ಬರೆ ಎಂದೆ, ಬರೆದಳು. ಇದು ಎಲ್ಲರಿಗೂ ಕೊಡುವ ಅಚ್ಚಿನ ಪತ್ರ, ಒಬ್ಬರಿಗಾಗಿ ಬದಲಾಯಿಸುವ ವಾಡಿಕೆಯಿಲ್ಲ, ತಾವು ಇದುವರೆಗೆ ಯಾರ ಮೇಲೆಯೂ ಇದನ್ನು ಪ್ರಯೋಗಿಸಿಲ್ಲ ಎಂದು ಮೂರು ಸಾಲಿನ ಉತ್ತರ ಬಂತು. ಪ್ರಯೋಗಿಸದ ಮೇಲೆ ಇರುವುದೇಕೆಂದು ಇನ್ನೊಂದು ಕಾಗದ ಬರೆಯುವ ಚಪಲ ನನಗಿತ್ತು. ಆಕೆಯ ತಂದೆ, "ಸುಮ್ಮನಿರಯ್ಯ, ಬಂದ ಕೆಲಸವನ್ನೂ ಕಳೆದೀಯ" ಎಂದು ತಡೆದರು. ಆಕೆ ರುಜು ಹಾಕಿದಳು. ಆ ಮೂರು ಸಾಲಿನ ಉತ್ತರವನ್ನು ಮಾತ್ರ ಪತ್ರದ ಹನ್ನೊಂದನೆಯ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿ ಜೋಪಾನವಾಗಿಟ್ಟಿದ್ದಾಳೆ. ಮುಂದಿನ ಸೋಮವಾರ ಕೆಲಸಕ್ಕೆ ಸೇರುತ್ತಾಳೆ.